ಹನ್ನೊಂದೋ ಹದಿನೈದೋ

ವೈನಿಗೂ ಅಂಕ ಕೊಡುತ್ತಾರೆಂದು ನನಗೆ ಗೊತ್ತಾದದ್ದು ಚಿಲಿಯಲ್ಲಿ. ಮೂವತ್ತು ವರ್ಷ ಕನ್ನಡ ಪಾಠ ಮಾಡಿ, ಬೇಸಿಗೆಗಳಲ್ಲಿ ಉತ್ತರಪತ್ರಿಕೆಗಳ ಕಟ್ಟು ಬಿಚ್ಚುತ್ತಾ ಬಂದವನ ಕೈಗೆ ಸಾಂತಿಯಾಗೊ ಸಮೀಪದ ಮೈಪೊ ಕಣಿವೆಯ ದ್ರಾಕ್ಷಿತೋಟವೊಂದರಲ್ಲಿ ಒಂದು ಹಾಳೆ ಮತ್ತು ಪೆನ್ನು ಬಂತು. ಬಣ್ಣಕ್ಕಿಷ್ಟು, ವಾಸನೆಗಿಷ್ಟು, ರುಚಿಗಿಷ್ಟು; ಒಟ್ಟು 20. ಅಲ್ಲೇ ಕೆಲಸದಲ್ಲಿರುವ ಮಗಳು ಕರೆದುಕೊಂಡು ಹೋಗಿದ್ದಳು. ಏಪ್ರಿಲ್ ತಿಂಗಳು, ಅವರಿಗದು ಎಲೆ ಉದುರುವ ಕಾಲ. ಮೇಜಿನ ಪಕ್ಕದಲ್ಲಿ ಒಂದು ಪಾತ್ರೆ. ರುಚಿ ನೋಡಿದ್ದನ್ನು ನುಂಗದೆ ಅದರಲ್ಲಿ ಉಗುಳಬೇಕಂತೆ. ನಮ್ಮಜ್ಜನ ಪೀಕದಾನಿಯ ನೆನಪಾಗಿ ಸಂಕೋಚ ಅರ್ಧ ಕಡಿಮೆಯಾಯಿತು.

ಮೊದಲು ಬಂದದ್ದು ಬಿಳಿ ವೈನ್, ಸಾವಿನ್ಯೋ ಬ್ಲಾಂ. ಸಾಂತಿಯಾಗೊ ಮತ್ತು ವಾಲ್ಪರೈಸೊ ಬಂದರಿನ ನಡುವಿನ ಕಾಸಾಬ್ಲಾಂಕಾ ಕಣಿವೆಯದು. ಪೆಸಿಫಿಕ್ ಸಾಗರದಲ್ಲಿ ಹರಿಯುವ ಹಂಬೋಲ್ಟ್ ಶೀತಪ್ರವಾಹದಿಂದಾಗಿ ಅಲ್ಲಿ ಬೆಳಿಗ್ಗೆ ಮಂಜು ಕವಿಯುತ್ತದೆ, ಹಣ್ಣು ನಿಧಾನವಾಗಿ ಮಾಗಿ ಹುಳಿ ಉಳಿಸಿಕೊಳ್ಳುತ್ತದೆ. ಪಾಬ್ಲೊ ಮೊರಾಂದೆ ಎಂಬುವರು 1980ರ ದಶಕದಲ್ಲಿ ಅಲ್ಲಿ ಬಳ್ಳಿ ನೆಟ್ಟ ಮೇಲೆಯೇ ಅದು ವೈನಿನ ಊರಾದದ್ದು. ಗ್ಲಾಸನ್ನು ಮೂಗಿಗೆ ಹಿಡಿದರೆ ಚಕ್ಕೋತದ ಸಿಪ್ಪೆ, ಆಗಷ್ಟೇ ಕೊಯ್ದ ಹುಲ್ಲು, ಹಿಂದೆಯೇ ಹಸಿ ದೊಣ್ಣೆ ಮೆಣಸಿನಕಾಯಿ. ಆ ಹಸಿರು ವಾಸನೆ ಖುಷಿ ಕೊಟ್ಟಿತು. 16 ಹಾಕಿದೆ.

ಮುಂದಿನದು ಕೆಂಪು. ಹಾಳೆಯಲ್ಲಿ ‘ಮೆರ್ಲೊ’ ಎಂದಿತ್ತು. ಮೆರ್ಲೊ ಎಂದರೆ ಮೃದು, ಮಾಗಿದ ಪ್ಲಮ್ ಹಣ್ಣಿನಂತಿರಬೇಕು ಎಂದು ತೋಟದ ಹೆಣ್ಣುಮಗಳು ವಿವರಿಸಿದಳು. ಕುಡಿದೆ. ಕಪ್ಪು ಹಣ್ಣಿನ ರುಚಿಯೇನೋ ಇತ್ತು, ಆದರೆ ಅದರ ಮೇಲೆ ಮತ್ತದೇ ದೊಣ್ಣೆ ಮೆಣಸಿನಕಾಯಿ. ನಾಲಿಗೆ ಹಿಡಿಯುವ ಒಗರು ಬೇರೆ. ಟ್ಯಾನಿನ್ ಎಂಬುದನ್ನು ಎಷ್ಟೋ ಬಗೆಯಲ್ಲಿ ವಿವರಿಸುತ್ತಾರೆ. ಗೇರುಹಣ್ಣು ಕಚ್ಚಿದವರಿಗೆ ‘ಒಗರು’ ಎಂದರೆ ಸಾಕು. ಹೇಳಿದ ಲಕ್ಷಣ ಇದರಲ್ಲಿ ಇಲ್ಲವೆಂದು 11 ಹಾಕಿ ಕೆಳಗೊಂದು ಗೆರೆ ಎಳೆದೆ.

ಅವಳು ನಕ್ಕಳು. ಅದು ಮೆರ್ಲೊ ಆಗಿರಲೇ ಇಲ್ಲ, ಕಾರ್ಮೆನೇರ್. “ನೂರು ವರ್ಷಕ್ಕೂ ಹೆಚ್ಚು ಕಾಲ ನಾವೂ ಇದೇ ತಪ್ಪು ಮಾಡಿದೆವು” ಎಂದಳು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಬೋರ್ಡೋದಿಂದ ಬಳ್ಳಿಯ ಕಡ್ಡಿಗಳು ಚಿಲಿಗೆ ಬಂದವು. ಆಮೇಲೆ ಫೈಲೋಕ್ಸೆರಾ ಎಂಬ ಪುಟ್ಟ ಕೀಟ ಬೇರಿನ ರಸ ಹೀರಿ ಯುರೋಪಿನ ತೋಟಗಳನ್ನು ಹಾಳುಗೆಡವಿತು. ಮತ್ತೆ ನೆಡುವಾಗ ಫ್ರೆಂಚರು ಕಾರ್ಮೆನೇರನ್ನು ಬಿಟ್ಟರು. ಅದು ಸರಿಯಾಗಿ ಕಾಯಿ ಕಟ್ಟುವುದಿಲ್ಲ, ತಡವಾಗಿ ಹಣ್ಣಾಗುತ್ತದೆ. ಕೀಟ ಕಾಲಿಡದ ಚಿಲಿಯಲ್ಲಿ ಮಾತ್ರ ಅದು ಮೆರ್ಲೊ ಬಳ್ಳಿಗಳ ಜೊತೆ ಬೆರೆತು, ಅದರ ಹೆಸರಿನಲ್ಲೇ ಬದುಕಿತು. ಕೊಯ್ಲೂ ಮೆರ್ಲೊ ಹಣ್ಣಾದಾಗಲೇ. ಇನ್ನೂ ಕೆಲವು ವಾರ ಬಿಸಿಲು ಕಾಯಬೇಕಿದ್ದ ಹಣ್ಣು ಹಸಿಯಾಗಿಯೇ ಬುಟ್ಟಿ ಸೇರುತ್ತಿತ್ತು. ಚಿಲಿಯ ಮೆರ್ಲೊದಲ್ಲಿ ಏನೋ ವಿಚಿತ್ರ ಹಸಿರು ರುಚಿ ಎನ್ನುತ್ತಿದ್ದದ್ದು ಇದಕ್ಕೇ. 1994ರ ನವೆಂಬರಿನಲ್ಲಿ ಫ್ರೆಂಚ್ ಸಸ್ಯತಜ್ಞ ಜಾನ್-ಮಿಶೆಲ್ ಬೂರ್ಸಿಕೋ ಇದೇ ಮೈಪೊದ ಕಾರ್ಮೆನ್ ತೋಟದಲ್ಲಿ ನಿಂತು ಬಳ್ಳಿ ನೋಡಿ, ಇದು ಮೆರ್ಲೊ ಅಲ್ಲ ಎಂದರು.

ಹಸಿರು ವಾಸನೆಗೆ ಕಾರಣ ಪೈರಜಿನ್ ಎಂಬ ಗುಂಪಿನ ವಸ್ತುಗಳು. ನನ್ನ ಬಿಳಿ ವೈನಿನಲ್ಲಿದ್ದದ್ದೂ ಅವೇ. ಅಲ್ಲಿ ಅದಕ್ಕೇ ಅಂಕ ಕೊಟ್ಟಿದ್ದೆ, ಇಲ್ಲಿ ಅದಕ್ಕೇ ಕಳೆದಿದ್ದೆ. ಇನ್ನೊಮ್ಮೆ ಗುಟುಕರಿಸಿದೆ. ಈಗ ಹಸಿರಿನ ಹಿಂದೆ ಕರಿಮೆಣಸು, ಸ್ವಲ್ಪ ಕೋಕೊ ಸಿಕ್ಕವು. 15 ಕೊಡಬಹುದು ಅನ್ನಿಸಿತು. “ಅಪ್ಪಾ, ಹೆಸರು ಕೇಳಿ ಮಾರ್ಕ್ಸ್ ಕೊಡ್ತೀರಾ?” ಎಂದಳು ಮಗಳು. ಉತ್ತರ ಹೊಳೆಯಲಿಲ್ಲ.

ಹೆಸರು ಮುಚ್ಚಿಟ್ಟರೆ ನ್ಯಾಯ ಸಿಗುತ್ತದೆ ಎಂಬುದಕ್ಕೆ ಚಿಲಿಯವರೇ ಸಾಕ್ಷಿ ಕೊಡುತ್ತಾರೆ. 2004ರ ಜನವರಿಯಲ್ಲಿ ಬರ್ಲಿನ್ನಿನಲ್ಲಿ ಯುರೋಪಿನ ಪರಿಣತರಿಗೆ ಲೇಬಲ್ ತೋರಿಸದೆ ಕೆಂಪು ವೈನ್‌ಗಳನ್ನು ಕೊಟ್ಟಾಗ ಚಿಲಿಯ ವಿನ್ಯೆದೊ ಚಾಡ್ವಿಕ್ ಮೊದಲನೆಯದಾಯಿತು, ಚಿಲಿಯದೇ ಸೆನ್ಯಾ ಎರಡನೆಯದು. ಹೆಸರಾಂತ ಶಾತೋ ಲಫೀತ್ ಮೂರನೆಯದು. ನಮ್ಮ ಉತ್ತರಪತ್ರಿಕೆಗಳಲ್ಲೂ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಆದರೂ ಒಂದು ಪತ್ರಿಕೆ ನನ್ನನ್ನು ಬಿಟ್ಟಿಲ್ಲ. ‘ನಮ್ಮೂರ ಸಂತೆ’ ಎಂಬ ಪ್ರಬಂಧ. ಬರೆದ ಮಗು ಉತ್ತರ ಕರ್ನಾಟಕದ್ದಿರಬೇಕು; ‘ಹೋಗೂಣು’, ‘ಅಂದ್ರ’ ಎಂದು ಮನೆಮಾತಿನಲ್ಲೇ ಸಂತೆಯನ್ನು ಕಣ್ಣಿಗೆ ಕಟ್ಟಿತ್ತು. ನಾನು ಅವುಗಳ ಕೆಳಗೆಲ್ಲ ಕೆಂಪು ಗೆರೆ ಎಳೆದು ಐದಕ್ಕೆ ಎರಡು ಹಾಕಿದೆ. ಹೆಸರು ಕಾಣದಿದ್ದರೇನು, ಅಳತೆಗೋಲು ನನ್ನ ತಲೆಯೊಳಗಿತ್ತು. ಆ ಮಗು ಕೆಟ್ಟ ಗ್ರಾಂಥಿಕ ಬರೆದಿರಲಿಲ್ಲ, ಬೇರೊಂದು ಕನ್ನಡವನ್ನು ಚೆನ್ನಾಗಿ ಬರೆದಿತ್ತು. ಅದು ಹೊಳೆದದ್ದು ಬಹಳ ವರ್ಷಗಳ ಮೇಲೆ. ಆ ಪತ್ರಿಕೆಗೆ ಇನ್ನು ಮರುಮೌಲ್ಯಮಾಪನವಿಲ್ಲ.

ಹೊರಗೆ ಬಂದಾಗ ಅವಳು ಬಳ್ಳಿಸಾಲುಗಳನ್ನು ತೋರಿಸಿದಳು. ಒಂದು ಬದಿ ಎಲೆ ಹಳದಿಯಾಗುತ್ತಿತ್ತು, ಇನ್ನೊಂದು ಬದಿ ಕಡುಗೆಂಪು. ಕೆಂಪಿನವು ಕಾರ್ಮೆನೇರ್, ಹೆಸರು ಬಂದದ್ದೂ ಆ ಬಣ್ಣದಿಂದಲೇ ಎನ್ನುತ್ತಾರೆ. ಎಷ್ಟು ಶರತ್ಕಾಲಗಳಲ್ಲಿ ಅದು ಹೀಗೆ ಕೆಂಪಾಗಿ ನಿಂತಿತ್ತೋ!

ಹಾಳೆ ಈಗಲೂ ನನ್ನಲ್ಲಿದೆ. 11 ಹೊಡೆದುಹಾಕಿ 15 ಎಂದು ಬರೆದಿದ್ದೇನೆ. ತಿದ್ದಿದ ಅಂಕದ ಪಕ್ಕದಲ್ಲಿ ಸಹಿ ಇರಲೇಬೇಕೆಂಬುದು ನಮ್ಮ ಮೌಲ್ಯಮಾಪನದ ನಿಯಮ. ಅದನ್ನೂ ಹಾಕಿದ್ದೇನೆ.