ಕಡಿತದ ಅಲ್ಲ, ಕಡಿಲತ್ತದ!

ಆಯಿಗೆ ಅವತ್ತು ನಸುಕಿನಿಂದಲೇ ಹೊಟ್ಟೆನೋವು. ಖಜೂರಿಯಿಂದ ಕಲಬುರಗಿಗೆ ಕರೆದುಕೊಂಡು ಹೋದೆ. ದವಾಖಾನೆಯ ಡಾಕ್ಟರ್ ದಕ್ಷಿಣದ ಕಡೆಯವರು. “ಹೊಟ್ಟಿ ಕಡಿಲತ್ತದ್ರೀ” ಅಂದಳು ಆಯಿ. ಡಾಕ್ಟರ್‌ಗೆ ತಿಳಿಯಲಿಲ್ಲ, ನನ್ನ ಮುಖ ನೋಡಿದರು.

ಪತ್ರಿಕೋದ್ಯಮ ಓದಿದವನು ನಾನು. ಆಯಿಯ ಮಾತಿಗೆ ಒಳಗೊಳಗೇ ನಾಚಿಕೆ. “ಅಜ್ಜಿಗೆ ಹೊಟ್ಟೆ ನೋಯುತ್ತೆ ಸರ್” ಎಂದೆ.

“ಎಷ್ಟು ವರ್ಷದಿಂದ? ಊಟ ಆದಮೇಲೆ ನೋಯುತ್ತಾ? ಹೊರಗೆ ಕೂತಿರಿ, ಕರೀತೀನಿ.”

ಆಯಿ ಎದ್ದೇಳಲಿಲ್ಲ. ನನ್ನ ಅಂಗಿ ಹಿಡಿದು ಒದರಿದಳು: “ಏ ತಮ್ಮಾ, ಕಡಿತದ ಅಲ್ಲೋ, ಕಡಿಲತ್ತದ! ಈಗ! ಈಗ!”

‘ಈಗ’ ಅನ್ನುವುದು ಡಾಕ್ಟರ್‌ಗೂ ತಿಳಿಯಿತು. ಕೂಡಲೇ ಹಾಸಿಗೆ ಮೇಲೆ ಮಲಗಿಸಿ ನೋಡಿದರು. ಆಯಿ ಈಗ ಆರಾಮ ಇದ್ದಾಳೆ. ನನಗೆ ಮಾತ್ರ ಆ ಮಾತು ಇನ್ನೂ ಕಡಿಲತ್ತದ.

ನಮ್ಮ ಭಾಷೆಯಲ್ಲಿ ‘ಕಡಿತದ’ ಅಂದರೆ ಆಗಾಗ ಬರುವ ನೋವು. ‘ಕಡಿಲತ್ತದ’ ಅಂದರೆ ಈ ಗಳಿಗೆಯ ನೋವು. ಮಳೆ ಶುರುವಾದರೆ ‘ಮಳಿ ಹತ್ತಿತು’ ಅನ್ನುತ್ತೇವಲ್ಲ, ಅದೇ ‘ಹತ್ತು’ ಇದರೊಳಗೂ ಇದೆ. ‘ಕಡಿಲಿಕ್ಕ ಹತ್ತದ’ ಎಂಬುದು ಬಾಯಲ್ಲಿ ಸವೆದು ‘ಕಡಿಲತ್ತದ’ ಆಗಿದೆ. ಪುಸ್ತಕದ ಕನ್ನಡದಲ್ಲೂ ‘ನೋಯುತ್ತಿದೆ’ ಎಂಬ ಮಾತಿತ್ತು. ಶುದ್ಧವಾಗಿ ಮಾತಾಡುವ ಅವಸರದಲ್ಲಿ ನಾನೇ ಅದನ್ನು ಬಿಟ್ಟೆ.

ಧಾರವಾಡದ ಕಡೆ ‘ಮಾಡಾಕತ್ತಾನ’ ಅನ್ನುವುದನ್ನು ನಾವು ‘ಮಾಡ್ಲತ್ತಾನ’ ಅನ್ನುತ್ತೇವೆ. ಅಲ್ಲಿ ಹೆಚ್ಚಾಗಿ ‘ಐತಿ’, ಇಲ್ಲಿ ‘ಅದ’. ಮನೆ ಮನಿ, ತಲೆ ತಲಿ, ಮನೆಯಲ್ಲಿ ಮನ್ಯಾಗ. ಈ ಮಾತು ಜಿಲ್ಲೆಯ ಗಡಿಗೆ ಬಂದು ನಿಲ್ಲುವುದಿಲ್ಲ. ಬೀದರ, ಯಾದಗಿರಿಗೆ ಹೋದರೆ ಸ್ವಲ್ಪ ಬದಲಾಗುತ್ತದೆ, ಆದರೆ ಪರಕೀಯ ಅನಿಸುವುದಿಲ್ಲ. ಆಳಂದದಾಚೆ ಮಹಾರಾಷ್ಟ್ರದ ಅಕ್ಕಲಕೋಟ, ಸೊಲ್ಲಾಪುರದ ಸಂತೆಯಲ್ಲೂ ಕನ್ನಡ ಕಿವಿಗೆ ಬೀಳುತ್ತದೆ.

1948ರವರೆಗೆ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ಕಚೇರಿಯಲ್ಲಿ ಉರ್ದು, ಗಡಿಯಾಚೆ ಮರಾಠಿ, ಮನೆಯಲ್ಲಿ ಕನ್ನಡ. 1956ರಲ್ಲಿ ಕನ್ನಡ ನಾಡಿಗೆ ಸೇರಿದಾಗ ದವಾಖಾನಿ, ಜಲ್ದಿ, ಖಬರ, ಖರೇ ಎಲ್ಲವೂ ನಮ್ಮ ಜೊತೆಗೇ ಬಂದವು. ಇದನ್ನು ‘ಕಲಬೆರಕೆ’ ಎಂದು ನಗುವವರಿದ್ದಾರೆ. ಕಾಲೇಜಿನಲ್ಲಿ ನಾನೂ ಅವರ ಜೊತೆ ನಕ್ಕಿದ್ದೇನೆ.

ಆದರೆ ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ ‘ಕವಿರಾಜಮಾರ್ಗ’ ಒಂಬತ್ತನೇ ಶತಮಾನದಲ್ಲಿ ಹುಟ್ಟಿದ್ದು ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟವೇ ನಮ್ಮ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ. ಕನ್ನಡಗಳು ಸೀಮೆಗೊಂದೊಂದು ಬಗೆ, ಅವುಗಳ ದೋಷ ಎಣಿಸಲು ಕೂತರೆ ವಾಸುಕಿಗೂ ಬೇಸರ ಬಂದೀತು ಎಂದು ಆ ಗ್ರಂಥ ಆಗಲೇ ಹೇಳಿದೆ. ನಮ್ಮ ಕಾಲದಲ್ಲಿ ಇದೇ ಜಿಲ್ಲೆಯ ಗೀತಾ ನಾಗಭೂಷಣ ಇಲ್ಲಿನ ಬಡವರ ಬಾಯಿಮಾತಿನಲ್ಲೇ ಕಾದಂಬರಿ ಬರೆದರು. ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ದವಾಖಾನೆಯಿಂದ ಬಂದ ರಾತ್ರಿ ನನ್ನ ವರದಿಯ ನೋಟ್‌ಬುಕ್ ತೆರೆದು ನೋಡಿದೆ. ರೈತರೊಬ್ಬರು ಹೊಲದಲ್ಲಿ ನಿಂತು “ತೊಗರಿ ಒಣಗ್ಲತ್ತದ” ಎಂದಿದ್ದರು. ನಾನು ತಿದ್ದಿ ‘ತೊಗರಿ ಒಣಗಿದೆ’ ಎಂದು ಬರೆದು ಕಳಿಸಿದ್ದೆ. ಒಣಗುತ್ತಿರುವ ಬೆಳೆಗೆ ಇನ್ನೂ ನೀರು ಕೊಡಬಹುದು. ಒಣಗಿದ ಬೆಳೆಗೆ ಪರಿಹಾರ ಕೇಳುವುದೊಂದೇ ದಾರಿ. ಒಂದು ಅಕ್ಷರ ತಿದ್ದಿ ಅವರ ಹೊಲವನ್ನೇ ಒಣಗಿಸಿಬಿಟ್ಟಿದ್ದೆ.

ಈಗ ಯಾರ ಮಾತು ಬರೆದುಕೊಂಡರೂ ಅವರು ಆಡಿದಂತೆಯೇ ಬರೆಯುತ್ತೇನೆ, ಆಮೇಲೆ ಓದಿ ಹೇಳುತ್ತೇನೆ. ಇದನ್ನೂ ಆಯಿಗೆ ಓದಿ ಹೇಳಿದೆ. ಕೇಳಿ ಅಂದಳು: “ಈಗ ಬರೋಬರಿ ಬರಿಲತ್ತಿ ನೋಡು.”