ಕಾರವಾರದ ದಡ ಹತ್ತಿದ ಚಪಲ್

ಕಾರವಾರದಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಊರು, ಇನ್ನೊಂದು ಮಗ್ಗುಲಿಗೆ ಗಾಳಿಮರ, ಅದರಾಚೆ ಕಡಲು. ಆ ಕಡಲ ಮಗ್ಗುಲಲ್ಲಿ ಒಂದು ಯುದ್ಧನೌಕೆ ನಿಂತಿದೆ. ನೀರಿನಲ್ಲಲ್ಲ, ನೆಲದ ಮೇಲೆ. ಬಸ್ಸಿನ ಕಿಟಕಿಯಿಂದ ಕಂಡು ‘ಅರೆ!’ ಅನ್ನುವಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದೆ. ಇಳಿದೇ ನೋಡಬೇಕು. ಹೆಸರು ಐಎನ್‌ಎಸ್ ಚಪಲ್.

ಈ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತರುಣ ಕವಿ ಬಂದು ಉಳಿದಿದ್ದರು. ಕವಿಯ ಹೆಸರಿನ ಮರಳಿನ ಮೇಲೆ ಕ್ಷಿಪಣಿ ದೋಣಿ! ಇಂಥ ಜೋಡಿಯನ್ನು ಬೇರೆಲ್ಲೂ ನಾನು ಕಂಡಿಲ್ಲ.

ಹತ್ತಿರ ಹೋದರೆ ಮೊದಲು ಅನ್ನಿಸುವುದು, ‘ಇಷ್ಟೇನಾ?’ ಉದ್ದ 38.6 ಮೀಟರ್, ಅಗಲ ಏಳೂವರೆ ಚಿಲ್ಲರೆ, ತೂಕ ಸುಮಾರು 245 ಟನ್. ಯುದ್ಧನೌಕೆಗಳ ಲೆಕ್ಕದಲ್ಲಿ ಇದು ಮರಿ. ಆದರೆ ಡೆಕ್ಕಿನ ಎರಡೂ ಬದಿಗೆ ಎರಡೆರಡರಂತೆ ನಾಲ್ಕು ದಪ್ಪ ಉರುಳೆಗಳು ಮೂತಿ ಎತ್ತಿ ಕೂತಿವೆಯಲ್ಲ, ಅವುಗಳ ಮುಂದೆ ನಿಂತಾಗ ಆ ಮಾತು ಗಂಟಲಲ್ಲೇ ಉಳಿಯುತ್ತದೆ. ಒಂದೊಂದರೊಳಗೂ ಒಂದೊಂದು ಸ್ಟಿಕ್ಸ್ ಕ್ಷಿಪಣಿ ಇರುತ್ತಿತ್ತು. ಪ್ರತಿಯೊಂದರ ತೂಕ ಎರಡು ಟನ್ನಿಗೂ ಹೆಚ್ಚು. ಸುಮಾರು ಅರ್ಧ ಟನ್ ಬರೀ ಸಿಡಿತಲೆ. ಈ ಮಾದರಿಯಲ್ಲಿ ಕ್ಷಿಪಣಿಯ ರೆಕ್ಕೆ ಮಡಚಿ ಇಡುವ ಏರ್ಪಾಡಿತ್ತು, ಆದ್ದರಿಂದಲೇ ಉರುಳೆ ಸಾಕಾಯಿತು. ಇದಕ್ಕೂ ಹಿಂದಿನ ದೋಣಿಗಳಲ್ಲಿ ಅದೇ ಕ್ಷಿಪಣಿಗೆ ಚೌಕಾಕಾರದ ದೊಡ್ಡ ಡಬ್ಬಿಯೇ ಬೇಕಿತ್ತು.

ಏಣಿ ಇಳಿದು ಒಳಗೆ ಹೋದರೆ ಎಲ್ಲವೂ ಇಕ್ಕಟ್ಟು. ಬಾಗಿಲಿಗೊಮ್ಮೆ ತಲೆ ಬಗ್ಗಿಸಬೇಕು, ಹೊಸಲು ದಾಟಲು ಕಾಲೆತ್ತಬೇಕು. ಸಮವಸ್ತ್ರ ತೊಟ್ಟ ಗೊಂಬೆಗಳು ತಮ್ಮ ತಮ್ಮ ಕೆಲಸದಲ್ಲಿ ಮಗ್ನವಾಗಿವೆ. ಸುಮಾರು ಮೂವತ್ತು ಜನ ಈ ಲೋಹದ ಗೂಡಿನಲ್ಲಿ, ಕೆಳಗೆ ಮೂರು ಡೀಸೆಲ್ ಎಂಜಿನ್ ಬೊಬ್ಬಿಡುತ್ತಿರುವಾಗ, ಹೇಗೆ ಉಸಿರಾಡಿದರೋ! ಆ ಎಂಜಿನ್ನೂ ಸಾಮಾನ್ಯದ್ದಲ್ಲ. ಎಂಟೆಂಟು ಸಿಲಿಂಡರಿನ ಏಳು ಸಾಲುಗಳನ್ನು ನಡುವಿನ ದಂಡದ ಸುತ್ತ ನಕ್ಷತ್ರದ ಆಕಾರಕ್ಕೆ ಜೋಡಿಸಿದ ರಷ್ಯನ್ ಯಂತ್ರ, ಒಟ್ಟು 56 ಸಿಲಿಂಡರ್. ಒಂದೊಂದಕ್ಕೂ 5,000 ಅಶ್ವಶಕ್ತಿ. ಮೂರೂ ಸೇರಿ ಈ ದೋಣಿಯನ್ನು ಗಂಟೆಗೆ 65 ಕಿ.ಮೀ.ಗೂ ಮೀರಿ ಓಡಿಸುತ್ತಿದ್ದವು. ಅಲೆಯ ಮೇಲೆ ಆ ವೇಗ ಎಂದರೆ ಹಲ್ಲು ಕಚ್ಚಿ ಕೂರುವ ಸಂಗತಿ.

ಮೇಲೆ ಬಂದಾಗ ಒಬ್ಬ ಹುಡುಗ ಕೇಳುತ್ತಿದ್ದ: ‘ಅಜ್ಜಾ, ಕರಾಚಿ ಸುಟ್ಟದ್ದು ಇದೇ ಹಡಗಾ?’ ಅಜ್ಜ ‘ಹೌದು ಮಗಾ, ಇದೇ’ ಅಂದರು. ನಾನು ನಡುವೆ ಬಾಯಿ ಹಾಕಲಿಲ್ಲ. ನಿಜವೇನೆಂದರೆ ಚಪಲ್ ನೌಕಾದಳ ಸೇರಿದ್ದು 1976ರಲ್ಲಿ, ಪಾಕಿಸ್ತಾನದೊಂದಿಗಿನ 1971ರ ಯುದ್ಧ ಮುಗಿದು ಐದು ವರ್ಷಕ್ಕೆ. ಕರಾಚಿಗೆ ಹೋದವು ಇದರ ಅಕ್ಕಂದಿರು, ಇದೇ ಓಸಾ ಜಾತಿಯ ಮೊದಲ ಮಾದರಿಯ ದೋಣಿಗಳು.

ಆ ಕಥೆಯಂತೂ ಇನ್ನೂ ಸೊಗಸು. ಓಸಾ ದೋಣಿಗಳನ್ನು ರಷ್ಯನ್ನರು ಮಾಡಿದ್ದು ದಡ ಕಾಯಲಿಕ್ಕೆ. ದೂರ ಹೋಗುವಷ್ಟು ಎಣ್ಣೆ ಅವುಗಳ ಹೊಟ್ಟೆಯಲ್ಲಿ ಹಿಡಿಯದು. 1971ರಲ್ಲಿ ಅವು ಬಂದಾಗ ಇಳಿಸಿಕೊಳ್ಳುವ ತಾಕತ್ತಿನ ಕ್ರೇನ್ ಇದ್ದದ್ದು ಕಲಕತ್ತೆಯಲ್ಲಿ. ಅಲ್ಲಿಂದ ದೊಡ್ಡ ಹಡಗುಗಳಿಗೆ ಹಗ್ಗ ಕಟ್ಟಿ ಇಡೀ ಪರ್ಯಾಯದ್ವೀಪ ಸುತ್ತಿಸಿ ಮುಂಬೈಗೆ ಎಳೆದು ತಂದರು. ಇಷ್ಟು ದೂರ ಎಳೆಯಬಹುದಾದರೆ ಕರಾಚಿಯ ಕಡೆಗೂ ಎಳೆಯಬಹುದಲ್ಲ! ಡಿಸೆಂಬರ್ 4ರ ರಾತ್ರಿ ನಿರ್ಘಾತ್, ನಿಪಾತ್, ವೀರ್ ಎಂಬ ಮೂರು ದೋಣಿಗಳು ಕಮಾಂಡರ್ ಬಬ್ರು ಭಾನ್ ಯಾದವರ ಮುಂದಾಳತ್ವದಲ್ಲಿ ಹೊರಟವು. ಬೆಂಗಾವಲಿಗಿದ್ದ ಕಿಲ್ತಾನ್ ನೌಕೆಯ ಕಮಾಂಡರ್ ಕಾಸರಗೋಡು ಪಟ್ಟಣಶೆಟ್ಟಿ ಗೋಪಾಲ ರಾವ್. ಹೆಸರಿನಲ್ಲೇ ನಮ್ಮ ಕರಾವಳಿ ಇದೆ, ನೋಡಿ. ಪಾಕಿಸ್ತಾನದ ಖೈಬರ್ ಎಂಬ ಡಿಸ್ಟ್ರಾಯರ್ ಎರಡು ಕ್ಷಿಪಣಿಗೆ ಮುಳುಗಿತು. ಅದರವರು ತಮ್ಮ ಮೇಲೆ ಬಿದ್ದದ್ದು ವಿಮಾನ ದಾಳಿ ಎಂದೇ ಸಂದೇಶ ಕಳಿಸಿದ್ದರು. ಕ್ಷಿಪಣಿ ಎಂಬುದು ಅವರ ಲೆಕ್ಕದಲ್ಲೇ ಇರಲಿಲ್ಲ. ನಮ್ಮ ಮೂರೂ ದೋಣಿಗಳು ಮರಳಿ ಬಂದವು. ಯಾದವ್ ಮತ್ತು ರಾವ್ ಇಬ್ಬರಿಗೂ ಮಹಾವೀರ ಚಕ್ರ ಬಂತು. ನೌಕಾದಳ ದಿನವನ್ನು ಡಿಸೆಂಬರ್ 4ರಂದು ಆಚರಿಸುವುದು ಇದಕ್ಕಾಗಿಯೇ.

ಚಪಲ್ ಇಂಥ ಯುದ್ಧ ಕಾಣಲಿಲ್ಲ. ಹಾಗೆಂದು ಅದರ ಬೆಲೆ ತಗ್ಗಿತೆಂದು ನನಗನ್ನಿಸುವುದಿಲ್ಲ. ದಡ ಕಾಯುವ ದೋಣಿ ಸುಮಾರು ಮೂರು ದಶಕ ಕಾದು, ಒಂದು ಸಲವೂ ಸಿಟ್ಟಿನಿಂದ ಕ್ಷಿಪಣಿ ಹಾರಿಸದೆ ನಿವೃತ್ತಿಯಾದರೆ ಅದೇ ಒಳ್ಳೆಯ ಸೇವೆ.

2005ರ ಮೇ ತಿಂಗಳಲ್ಲಿ ಚಪಲ್ ಸೇವೆ ಮುಗಿಸಿತು. ಅದೇ ತಿಂಗಳ ಕೊನೆಗೆ ಕಾರವಾರದ ಪಕ್ಕದ ಅರಗಾದಲ್ಲಿ ಕದಂಬ ನೌಕಾನೆಲೆ ಶುರುವಾಯಿತು. ಈಗ ಅಲ್ಲಿ ಸುಮಾರು 45,000 ಟನ್ನಿನ ವಿಮಾನವಾಹಕ ನೌಕೆ ವಿಕ್ರಮಾದಿತ್ಯ ಬಂದು ತಂಗುತ್ತದೆ. ಅದನ್ನು ನಮ್ಮಂಥವರು ಹತ್ತಿರದಿಂದ ನೋಡುವಂತಿಲ್ಲ. ಚಪಲ್ ಮಾತ್ರ ಟಿಕೆಟ್ ಕೊಂಡವರಿಗೆಲ್ಲ ತೆರೆದಿದೆ. ಪಕ್ಕದಲ್ಲೇ ನೌಕಾದಳದ ಹಳೆಯ ಟುಪೊಲೆವ್ ವಿಮಾನವನ್ನೂ ತಂದು ನಿಲ್ಲಿಸಿದ್ದಾರೆ, ಜನ ಮೊದಲು ಅದರ ಕಡೆಗೇ ಓಡುತ್ತಾರೆ. ನೀವು ಹೋದರೆ ಮೊದಲು ದೋಣಿಯೊಳಗೆ ಇಳಿಯಿರಿ. ತಲೆ ಜೋಪಾನ.