"ಇಲ್ಲ" ಬೇರೆ, "ಸಿಗಲಿಲ್ಲ" ಬೇರೆ

ಡೇಟಾಬೇಸು ಅಂದ ಕೂಡಲೇ ಆಕಳಿಸುವವರು ಒಂದೈದು ನಿಮಿಷ ತಡ್ಕೊಳ್ಳಿ. ವಿಷಯ ಕಂಪ್ಯೂಟರಿಂದೇ, ಆದ್ರೆ ಶುರು ಮಾಡೋದು ಕನ್ನಡ ನಿಘಂಟಿನಿಂದ.

ನಿಘಂಟಿನಲ್ಲಿ "ಕ್ಷಮೆ" ಎಲ್ಲಿರುತ್ತೆ ಹೇಳಿ? ಶಾಲೆಯ ಗೋಡೆ ಮೇಲಿನ ವರ್ಣಮಾಲೆ ಪಟದಲ್ಲಿ ಳ ಆದ್ಮೇಲೆ ಕ್ಷ, ಜ್ಞ ಅಂತ ಬಾಲದ ಥರ ಇರ್ತಿತ್ತಲ್ಲ, ಅದನ್ನ ನಂಬಿಕೊಂಡು ಕೊನೇ ಪುಟ ತೆಗೆದರೆ ಸಿಗಲ್ಲ. ನಿಘಂಟು ಮಾಡಿದವರು ಅದನ್ನ ಕ ಗೆ ಷ ಒತ್ತು ಅಂತ ಲೆಕ್ಕ ಹಾಕಿ ಕಕಾರದಲ್ಲಿ ಇಟ್ಟಿರ್ತಾರೆ. ಕೊನೇ ಪುಟ ನೋಡಿದ ಹುಡುಗ "ಈ ಪದ ಕನ್ನಡದಲ್ಲೇ ಇಲ್ಲ" ಅಂದುಬಿಟ್ಟರೆ? ಪದ ಇದೆ, ಪುಟ ಹರಿದಿಲ್ಲ, ಹುಡುಗನಿಗೆ ಕಣ್ಣೂ ನೆಟ್ಟಗಿದೆ. ಜೋಡಿಸಿದವರ ಕ್ರಮ ಒಂದು, ಹುಡುಕಿದವನ ಕ್ರಮ ಇನ್ನೊಂದು. ಅಷ್ಟೇ ಆಗಿರೋದು.

ಡೇಟಾಬೇಸಿನ ಇಂಡೆಕ್ಸ್ ಅನ್ನೋದೂ ಇಂಥದ್ದೇ ಒಂದು ಅಕಾರಾದಿ. ಟೇಬಲ್ಲಿನಲ್ಲಿ ಕೋಟಿ ಸಾಲು ಇರಲಿ, ಎಲ್ಲವನ್ನೂ ಓದೋ ಬದಲು ಇಂಡೆಕ್ಸಿನ ನಾಲ್ಕೈದು ಪುಟ ತಿರುವಿದರೆ ಬೇಕಾದ್ದು ಸಿಕ್ಕಿಬಿಡುತ್ತೆ. ಇದೆಲ್ಲ ನಿಂತಿರೋದು ಒಂದೇ ನಂಬಿಕೆ ಮೇಲೆ: ಜೋಡಿಸುವಾಗ ಇದ್ದ ಕ್ರಮವೇ ಹುಡುಕುವಾಗಲೂ ಇರುತ್ತೆ ಅಂತ.

ಆ ನಂಬಿಕೆ ಮುರಿದುಬಿದ್ದ ಒಂದು ಕಥೆ ಇದೆ. ಪೋಸ್ಟ್‌ಗ್ರೆಸ್ ಡೇಟಾಬೇಸು ಪಠ್ಯವನ್ನು ಜೋಡಿಸುವಾಗ ಯಾವುದು ಮೊದಲು, ಯಾವುದು ಆಮೇಲೆ ಅಂತ ಸಾಮಾನ್ಯವಾಗಿ ಕೆಳಗಿರೋ ಆಪರೇಟಿಂಗ್ ಸಿಸ್ಟಮ್ಮನ್ನೇ ಕೇಳುತ್ತೆ. ಲಿನಕ್ಸಿನಲ್ಲಿ ಅದಕ್ಕೆ ಉತ್ತರ ಹೇಳೋದು ಹೆಚ್ಚಾಗಿ ಜಿಲಿಬ್‌ಸಿ ಅನ್ನೋ ಲೈಬ್ರರಿ. 2018ರ ಆಗಸ್ಟಿನಲ್ಲಿ ಅದರ 2.28ನೇ ಆವೃತ್ತಿ ಬಂತು. ಐಎಸ್‌ಒ 14651 ಅನ್ನೋ ಅಂತರರಾಷ್ಟ್ರೀಯ ಮಾನದಂಡದ ಹೊಸ ರೂಪಕ್ಕೆ ಹೊಂದಿಕೊಳ್ಳಲಿ ಅಂತ ಜೋಡಣೆಯ ನಿಯಮಗಳನ್ನೆಲ್ಲ ಪರಿಷ್ಕರಿಸಿದರು. ಉದ್ದೇಶ ಒಳ್ಳೇದೇ. ಆದರೆ ಅಮೆರಿಕನ್ ಇಂಗ್ಲಿಷಿನ ಕ್ರಮದಲ್ಲಿ "1-1" ಮತ್ತು "11" ಕೊಟ್ಟರೆ ಮೊದಲು "11" ಮುಂದೆ ಬರ್ತಿತ್ತು, ಈಗ "1-1" ಮುಂದೆ ಬರುತ್ತೆ. ಒಂದು ಅಡ್ಡಗೆರೆ! ಡೆಬಿಯನ್ 10, ರೆಡ್ ಹ್ಯಾಟ್ 8 ಎರಡೂ 2019ರಲ್ಲಿ ಬಂದಾಗ ಈ ಹೊಸ ಕ್ರಮವನ್ನೂ ಹೊತ್ತು ತಂದವು.

ನಾನಿದನ್ನ ಪುಸ್ತಕ ಓದಿ ಕಲಿತಿದ್ದಲ್ಲ. 2022ರಲ್ಲಿ ನಮ್ಮ ತಂಡಕ್ಕೆ ಒಂದು ರಕ್ತಪರೀಕ್ಷೆ ಲ್ಯಾಬಿನವರ ತಂತ್ರಾಂಶ ನೋಡಿಕೊಳ್ಳೋ ಕೆಲಸ ಬಂತು. ಅದಕ್ಕೆ ಮುಂಚೆ ಇದ್ದವರು ಹಳೇ ಡೆಬಿಯನ್ ಯಂತ್ರದಿಂದ ಹೊಸದಕ್ಕೆ ಡೇಟಾಬೇಸಿನ ಫೈಲುಗಳನ್ನ ಹಾಗ್‌ಹಾಗೇ ನಕಲು ಮಾಡಿ ಹೋಗಿದ್ದರು. ಡಂಪ್ ತೆಗೆದು ಮತ್ತೆ ತುಂಬಿದ್ದರೆ ಇಂಡೆಕ್ಸುಗಳೂ ಹೊಸದಾಗಿ ಹುಟ್ಟುತ್ತಿದ್ದವು. ಫೈಲು ನಕಲಿನಲ್ಲಿ ಹಳೇ ಅಕಾರಾದಿ ಹಾಗೇ ಬಂತು, ಹುಡುಕೋ ಕ್ರಮ ಮಾತ್ರ ಹೊಸದು. ಲ್ಯಾಬಿನ ಪ್ರತಿ ಸ್ಯಾಂಪಲ್ ನಂಬರಿನಲ್ಲೂ ಕೇಂದ್ರದ ಸಂಖ್ಯೆ, ಒಂದು ಅಡ್ಡಗೆರೆ, ಆಮೇಲೆ ಕ್ರಮಸಂಖ್ಯೆ. ಯಾವ ಎರರ್ರೂ ಇಲ್ಲ, ಲಾಗಿನಲ್ಲಿ ಒಂದು ಸಾಲೂ ಇಲ್ಲ.

ಒಂದು ತಾಲ್ಲೂಕು ಕೇಂದ್ರದಿಂದ ಫೋನ್ ಬಂತು. ಕೌಂಟರಿನ ಹುಡುಗಿ ಕೇಳಿದ್ದು ಇಷ್ಟೇ: "ಸಾರ್, ಒಬ್ಬರು ಅಜ್ಜಿ ಎರಡನೇ ಸಲ ಬಂದವ್ರೆ. ಚೀಟಿ ಕೈಲಿದೆ, ಕಂಪ್ಯೂಟರ್ ನೋಡಿದ್ರೆ ದಾಖಲೆ ಇಲ್ಲ ಅನ್ನುತ್ತೆ. ಮತ್ತೆ ರಕ್ತ ತೆಗೀಲಾ?"

ಹಿಂದಿನಿಂದ ಅಜ್ಜಿಯ ದನಿ ಕೇಳ್ತಿತ್ತು. "ಮೊನ್ನೆ ಕೊಟ್ಟೋಗಿದ್ನಲ್ಲವ್ವಾ, ಬಸ್ಸಿಗೆ ದುಡ್ಡು ಎಲ್ಲಿಂದ ತರ್ಲಿ ದಿನಾ?"

ನಾನು "ಐದು ನಿಮಿಷ ಕೂರಿಸಿರಿ" ಅಂದು ಡೇಟಾಬೇಸಿಗೆ ಇಂಡೆಕ್ಸ್ ಮುಟ್ಟಬೇಡ, ಟೇಬಲ್ಲನ್ನೇ ಮೊದಲಿಂದ ಕೊನೇತನಕ ಓದು ಅಂತ ಹೇಳಿದೆ. (ಇಂಡೆಕ್ಸ್ ಸ್ಕ್ಯಾನುಗಳನ್ನ ಆ ಸೆಷನ್ನಿಗೆ ಆಫ್ ಮಾಡೋ ಸೆಟ್ಟಿಂಗುಗಳಿವೆ.) ಅಜ್ಜಿಯ ರಿಪೋರ್ಟು ಅಲ್ಲೇ ತಣ್ಣಗೆ ಕೂತಿತ್ತು!

ಮದ್ದು ಬಹಳ ಸುಲಭ. ಕಮಾಂಡ್ ಲೈನಿನಲ್ಲಿ ರೀಇಂಡೆಕ್ಸ್‌ಡಿಬಿ ಅಂತ ಬರೆದು ಡೇಟಾಬೇಸಿನ ಹೆಸರು ಕೊಟ್ಟು ಎಂಟರ್ ಒತ್ತೋದು. ಟೇಬಲ್ಲಿನ ಮಾಹಿತಿ ನೋಡಿಕೊಂಡು ಇಂಡೆಕ್ಸನ್ನು ಹೊಸದಾಗಿ ಕಟ್ಟುತ್ತೆ. ಆದರೆ ಅಲ್ಲಿಯವರೆಗೆ ಆ ಟೇಬಲ್ಲಿಗೆ ಯಾರೂ ಬರೆಯೋ ಹಾಗಿಲ್ಲ, ಆ ಇಂಡೆಕ್ಸನ್ನು ಬಳಸಿ ಓದೋದೂ ಕಾಯಬೇಕು. ಲ್ಯಾಬು ನಡೀತಿರುವಾಗಲೇ ಮಾಡಬೇಕು ಅಂದ್ರೆ ಕನ್‌ಕರೆಂಟ್ಲಿ ಅನ್ನೋ ಆಯ್ಕೆ ಸೇರಿಸಬೇಕು, 2019ರ 12ನೇ ಆವೃತ್ತಿಯಿಂದ ಇದೆ. ಇದು ಹಳೇ ಇಂಡೆಕ್ಸಿನ ಪಕ್ಕದಲ್ಲೇ ಹೊಸದು ಕಟ್ಟಿ ಆಮೇಲೆ ಅದಲುಬದಲು ಮಾಡುತ್ತೆ. ನಿಧಾನ, ಜಾಗವೂ ಜಾಸ್ತಿ ಬೇಕು, ಆದ್ರೆ ಕೌಂಟರಿನ ಸಾಲು ನಿಲ್ಲಲ್ಲ.

ಆದ್ರೆ ನಮ್ಮಲ್ಲಿ ಅದು ಮಧ್ಯದಲ್ಲಿ ನಿಂತುಹೋಯ್ತು. ಒಂದೇ ನಂಬರ್ ಎರಡು ಸಲ ಇದೆ, ಯೂನಿಕ್ ಇಂಡೆಕ್ಸ್ ಕಟ್ಟಲಾಗಲ್ಲ ಅಂತು. ಹೇಗೆ ಬಂತು ಅಂತೀರಾ? ದಾಖಲೆ ಸಿಗದಿದ್ದಾಗ ಬೇರೆ ಕೇಂದ್ರಗಳಲ್ಲಿ ಅದೇ ಚೀಟಿ ನಂಬರಿನಲ್ಲಿ ಹೊಸದಾಗಿ ನಮೂದಿಸಿದ್ದರು. ಈ ನಂಬರ್ ಆಗಲೇ ಇದೆ ಅಂತ ತಡೀಬೇಕಾಗಿದ್ದ ಕಾವಲುಗಾರನೇ ತಪ್ಪು ಬಾಗಿಲಲ್ಲಿ ನಿಂತಿದ್ದ. ಅರ್ಧಕ್ಕೆ ಬಿದ್ದ ಇಂಡೆಕ್ಸನ್ನು ಕಿತ್ತುಹಾಕಿ, ಇಬ್ಬಂದಿ ದಾಖಲೆಗಳನ್ನೆಲ್ಲ ಪಟ್ಟಿ ಮಾಡಿ ಲ್ಯಾಬಿನ ಡಾಕ್ಟರ ಮುಂದೆ ಇಟ್ಟೆವು. ಇವು ಒಬ್ಬರದೇ ಎರಡು ದಾಖಲೆಯಾ, ಇಬ್ಬರದಾ ಅಂತ ಅವರೇ ಒಂದೊಂದಾಗಿ ಚೀಟಿ ತಾಳೆ ನೋಡಿ ಹೇಳಿದರು. ಆ ಕೆಲಸಕ್ಕೆ ಯಾವ ಕಮಾಂಡೂ ಇಲ್ಲ, ಇರಲೂಬಾರದು. ಎಲ್ಲ ಮುಗಿದ ಮೇಲೆ ರೀಇಂಡೆಕ್ಸ್ ಸದ್ದಿಲ್ಲದೆ ಮುಗೀತು.

ಈಗಿನವರಿಗೆ ಇಷ್ಟು ಕಷ್ಟ ಇಲ್ಲ. 2021ರ 14ನೇ ಆವೃತ್ತಿಯಿಂದ ಇಂಡೆಕ್ಸು ಸರಿಯಿದೆಯಾ ಅಂತ ಪರೀಕ್ಷಿಸೋಕೆ ಪಿಜಿ_ಆಮ್‌ಚೆಕ್ ಅನ್ನೋ ಕಮಾಂಡ್ ಇದೆ. 2022ರ 15ನೇ ಆವೃತ್ತಿಯಿಂದ ಡೇಟಾಬೇಸಿನ ಜೋಡಣೆ ಕ್ರಮದ ಆವೃತ್ತಿಯೂ ನೆನಪಿರುತ್ತೆ, ಬದಲಾದರೆ ಎಚ್ಚರಿಕೆ ಕೊಡುತ್ತೆ. ಆ ಎಚ್ಚರಿಕೆ ಕಿರಿಕಿರಿ ಅಂತ ಬಾಯಿ ಮುಚ್ಚಿಸೋ ಕಮಾಂಡೂ ಇದೆ. ದಯವಿಟ್ಟು ಮೊದಲು ರೀಇಂಡೆಕ್ಸ್ ಮಾಡಿ, ಆಮೇಲೆ ಬಾಯಿ ಮುಚ್ಚಿಸಿ.

ನನಗೆ ಇವತ್ತಿಗೂ ಕಾಡೋದು ಆ ಪರದೆಯ ಮೇಲಿದ್ದ "ದಾಖಲೆ ಇಲ್ಲ" ಅನ್ನೋ ಎರಡು ಪದ. ರೇಷನ್ ಪಟ್ಟಿ, ಮತದಾರರ ಪಟ್ಟಿ, ಪಿಂಚಣಿ ಪಟ್ಟಿ, ಯಾವುದರ ಮುಂದೆ ನಿಂತವರಿಗೂ ನಾವು ಬರೆದ ತಂತ್ರಾಂಶ ಹೀಗೇ ಹೇಳುತ್ತೆ, ಸ್ವಲ್ಪವೂ ಅನುಮಾನವಿಲ್ಲದ ದನಿಯಲ್ಲಿ. ಕೌಂಟರಿನ ಈಚೆ ನಿಂತವರು ಚೀಟಿ ಕೈಯಲ್ಲಿ ಹಿಡಿದೂ ತಮ್ಮನ್ನೇ ಅನುಮಾನಿಸಿಕೊಳ್ತಾರೆ. ಯಂತ್ರಕ್ಕೆ ನಿಜವಾಗಿ ಗೊತ್ತಿರೋದು ತಾನು ನೋಡಿದ ಜಾಗದಲ್ಲಿ ಅದು ಇರಲಿಲ್ಲ ಅನ್ನೋದಷ್ಟೇ.

ಆ ವಾರವೇ ಪರದೆಯ ಮಾತನ್ನು ತಿದ್ದಿದೆವು. ಈಗ ಅಲ್ಲಿ "ದಾಖಲೆ ಸಿಗಲಿಲ್ಲ" ಅಂತ ಬರುತ್ತೆ. ಕೆಳಗೇ ಇನ್ನೊಂದು ಗುಂಡಿ, "ಪೂರ್ತಿ ಹುಡುಕಿ". ಅದು ಇಂಡೆಕ್ಸ್ ಬಿಟ್ಟು ಟೇಬಲ್ಲನ್ನೇ ಓದುತ್ತೆ. ನಿಧಾನವಂತೆ. ಇರಲಿ, ಅಷ್ಟು ಹೊತ್ತು ಅಜ್ಜಿಗೆ ಕೂರೋಕೆ ಒಂದು ಕುರ್ಚಿ ಕೊಟ್ಟರಾಯ್ತು.